ಗಣಕಯಂತ್ರದ ಕವಚ: ಮನೆಯಲ್ಲಿಯೇ ಕೈಗೊಳ್ಳಬಹುದಾದ ಒಂದು ಪರಿಷ್ಕಾರ

ಮೇಜಿನ ಗಣಕಯಂತ್ರದ ತಗಡಿನ ಪೆಟ್ಟಿಗೆಯನ್ನು ನಮ್ಮಲ್ಲಿ ಬಹುಮಂದಿ ‘ಸಿಪಿಯು’ ಎಂದೇ ಕರೆಯುವ ರೂಢಿಯಿದೆ. ವಾಸ್ತವವಾಗಿ ಸಿಪಿಯು ಎಂಬುದು ಆ ಪೆಟ್ಟಿಗೆಯೊಳಗಿನ ಒಂದು ಚಿಕ್ಕ ಭಾಗ. ಅಂಗೈಯಲ್ಲಿ ಅಡಗಿಸಿಕೊಳ್ಳಬಹುದಾದ ಪ್ರೊಸೆಸರ್. ಪೆಟ್ಟಿಗೆಗೆ ವ್ಯಾಪಾರಿಗಳ ಭಾಷೆಯಲ್ಲಿ ‘ಕ್ಯಾಬಿನೆಟ್’ ಎಂದು ಹೆಸರು. ಒಳಗಿನ ವಸ್ತುವಿನ ಹೆಸರನ್ನು ಹೊರಗಿನ ಕವಚಕ್ಕೆ ಇಟ್ಟುಬಿಟ್ಟಿರುವುದರಿಂದ, ಕವಚಕ್ಕೂ ತನ್ನದೇ ಆದ ಒಂದು ಕೆಲಸವುಂಟೆಂಬ ಸಂಗತಿ ನಮ್ಮ ಗಮನದಿಂದ ಜಾರಿಹೋಗಿದೆ.

ಆ ಕೆಲಸ ಯಾವುದು, ಅದು ಸರಿಯಾಗಿ ನಡೆಯದಿದ್ದಾಗ ಮನೆಯಲ್ಲಿಯೇ ಅದನ್ನು ತಿದ್ದುವ ಬಗೆ ಹೇಗೆ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಕ್ಯಾಬಿನೆಟ್ಟನ್ನು ಕೊರೆದು, ಬಣ್ಣ ಬಳಿದು, ಪಾರದರ್ಶಕವಾದ ಕಿಟಕಿಯನ್ನಿರಿಸಿ, ದೀಪಗಳಿಂದ ಸಿಂಗರಿಸುವ ಹವ್ಯಾಸವು ೧೯೯೦ರ ದಶಕದ ಕೊನೆಯಿಂದ ಅನೇಕ ದೇಶಗಳ ತರುಣರಲ್ಲಿ ಹಬ್ಬಿತು. ಅಲಂಕಾರಕ್ಕೆ ನಮ್ಮ ವಿರೋಧವಿಲ್ಲ. ಆದರೆ ಗಾಳಿಯ ದಾರಿಯನ್ನು ಅರಿಯದೆ ಮಾಡಿದ ಅಲಂಕಾರ ಯಂತ್ರಕ್ಕೆ ಭಾರ. ಅರಿತು ಕೊರೆದ ಒಂದೇ ಒಂದು ರಂಧ್ರ ಯಂತ್ರಕ್ಕೆ ಉಪಕಾರ. ಮೊದಲು ಅಳತೆ, ಅನಂತರ ಗಾಳಿ, ಕೊನೆಗೆ ಅಂದ — ಈ ಕ್ರಮವನ್ನು ಪಾಲಿಸಿದವರಿಗೆ ಈ ಕೆಲಸ ಕಠಿಣವೂ ಅಲ್ಲ, ಅಪಾಯಕರವೂ ಅಲ್ಲ.

೧. ಕವಚದ ಪೂರ್ವೇತಿಹಾಸ

ವೈಯಕ್ತಿಕ ಗಣಕಯಂತ್ರದ ಚರಿತ್ರೆಯಲ್ಲಿ ಕವಚಕ್ಕೆ ಒಂದು ವಿನೋದದ ಸ್ಥಾನವಿದೆ. ೧೯೭೫ರ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ ೮೮೦೦’ ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ತಯಾರಾದ ಮಾದರಿಯು ಸಾಗಣೆಯಲ್ಲಿ ಕಳೆದುಹೋದ ಕಾರಣ, ಚಿತ್ರದಲ್ಲಿ ಕಾಣುತ್ತಿದ್ದುದು ಒಳಗೇನೂ ಇಲ್ಲದ ಬರಿಯ ಪೆಟ್ಟಿಗೆ! ಮರುವರ್ಷ, ೧೯೭೬ರಲ್ಲಿ, ಇದಕ್ಕೆ ವಿರುದ್ಧವಾದ ಸಂಗತಿ ನಡೆಯಿತು. ಸ್ಟೀವ್ ವಾಜ್ನಿಯಾಕ್ ರೂಪಿಸಿದ ಮೊದಲ ‘ಆ್ಯಪಲ್’ ಗಣಕವು ಕವಚವೇ ಇಲ್ಲದ ಬರಿಯ ಮಂಡಲಫಲಕವಾಗಿ ಮಾರಾಟಕ್ಕೆ ಬಂದಿತು. ಕೊಂಡವರಲ್ಲಿ ಕೆಲವರು ಮರದ ಪೆಟ್ಟಿಗೆಯನ್ನು ತಾವೇ ಮಾಡಿಸಿ ಅದರೊಳಗೆ ಫಲಕವನ್ನು ಕೂಡಿಸಿದರು. ಹೀಗೆ ಮನೆಯಲ್ಲಿ ಕವಚ ಸಿದ್ಧಪಡಿಸುವ ಕಾರ್ಯವು ವೈಯಕ್ತಿಕ ಗಣಕದಷ್ಟೇ ಹಳೆಯದು.

೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಯಂತ್ರದ ವಿದ್ಯುತ್ ಪೂರೈಕೆಯ ಸಾಮರ್ಥ್ಯ ಕೇವಲ ೬೩.೫ ವ್ಯಾಟ್. ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು ಶಕ್ತಿಯಲ್ಲಿ ಇಡೀ ಯಂತ್ರ ನಡೆಯುತ್ತಿತ್ತು. ಅದರ ಪ್ರೊಸೆಸರಿಗೆ ಪ್ರತ್ಯೇಕವಾದ ಫ್ಯಾನು ಬೇಕಿರಲಿಲ್ಲ. ೨೦೨೨ರಲ್ಲಿ ಎನ್‌ವಿಡಿಯಾ ಸಂಸ್ಥೆ ಬಿಡುಗಡೆ ಮಾಡಿದ ‘ಆರ್‌ಟಿಎಕ್ಸ್ ೪೦೯೦’ ಎಂಬ ಗ್ರಾಫಿಕ್ಸ್ ಕಾರ್ಡೊಂದಕ್ಕೇ ೪೫೦ ವ್ಯಾಟ್ ಬೇಕು. ನಾಲ್ಕು ದಶಕಗಳಲ್ಲಿ ಕವಚದ ಹೊಣೆ ಎಷ್ಟು ಬೆಳೆದಿದೆಯೆಂಬುದು ಈ ಎರಡು ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಘಟನೆಯನ್ನು ಇಲ್ಲಿ ಸ್ಮರಿಸಲೇಬೇಕು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ‘ಎಟಿಎಕ್ಸ್’ ಎಂಬ ಅಳತೆಯ ನಿಯಮವನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಗಾತ್ರ ೩೦೫ × ೨೪೪ ಮಿಲಿಮೀಟರ್. ಅದನ್ನು ಬಿಗಿಯುವ ತಿರುಪುಗಳ ಸ್ಥಾನ ಇಂತಿಂತಲ್ಲಿ. ಹಿಂಬದಿಯ ಕಿಂಡಿಯ ಅಳತೆ ಇಷ್ಟು ಎಂದು ಅದರಲ್ಲಿ ಗೊತ್ತುಪಡಿಸಲಾಯಿತು. ಎರಡು ವರ್ಷಗಳ ತರುವಾಯ ೨೪೪ ಮಿಲಿಮೀಟರ್ ಚೌಕದ ‘ಮೈಕ್ರೊ ಎಟಿಎಕ್ಸ್’ ಬಂದಿತು. ಗಾಳಿಯ ದಾರಿಯನ್ನೇ ಮುಖ್ಯವಾಗಿರಿಸಿಕೊಂಡು ಇಂಟೆಲ್ ಸಂಸ್ಥೆ ೨೦೦೪ರ ಸುಮಾರಿಗೆ ‘ಬಿಟಿಎಕ್ಸ್’ ಎಂಬ ಹೊಸ ನಿಯಮವನ್ನು ತಂದರೂ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಹಳೆಯ ನಿಯಮವೇ ಉಳಿಯಿತು. ಒಬ್ಬ ಕಮ್ಮಾರ ಮಾಡಿದ ಪೆಟ್ಟಿಗೆಯಲ್ಲಿ ಇನ್ನೊಬ್ಬ ಮಾಡಿದ ಫಲಕ ಕೂರುವುದು ಸಮಾನವಾದ ಅಳತೆಯಿಂದ ಮಾತ್ರ ಸಾಧ್ಯ. ಮನೆಯ ಕುಶಲಿಗೆ ಇಂದು ಇರುವ ಸ್ವಾತಂತ್ರ್ಯಕ್ಕೆ ಈ ಶಿಸ್ತೇ ಮೂಲ.

೨. ಉಷ್ಣದ ಲೆಕ್ಕ

ಗಣಕಯಂತ್ರವು ಸೇವಿಸುವ ವಿದ್ಯುತ್ತು ಬಹುತೇಕ ಸಂಪೂರ್ಣವಾಗಿ ಶಾಖವಾಗಿ ಪರಿಣಮಿಸುತ್ತದೆ. ೩೦೦ ವ್ಯಾಟ್ ಸೇವಿಸುವ ಯಂತ್ರವೆಂದರೆ ಕವಚದೊಳಗೆ ೩೦೦ ವ್ಯಾಟಿನ ಒಲೆಯನ್ನಿಟ್ಟಂತೆ. ಈ ಶಾಖವನ್ನು ಹೊತ್ತು ಹೊರಗೆ ಹಾಕುವುದು ಗಾಳಿ. ಎಷ್ಟು ಗಾಳಿ ಬೇಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಕಂಡುಹಿಡಿಯಬಹುದು.

ಒಂದು ಕಿಲೋಗ್ರಾಂ ಗಾಳಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು ೧,೦೦೫ ಜೌಲ್ ಶಾಖ ಬೇಕು. ಒಳಬಂದ ಗಾಳಿ ಹೊರಹೋಗುವಷ್ಟರಲ್ಲಿ ೧೦ ಡಿಗ್ರಿ ಬಿಸಿಯಾಗಬಹುದೆಂದು ಒಪ್ಪಿಕೊಂಡರೆ, ಸೆಕೆಂಡಿಗೆ ೩೦೦ ಜೌಲ್ ಒಯ್ಯಲು ಬೇಕಾದ ಗಾಳಿ ಸುಮಾರು ೦.೦೩ ಕಿಲೋಗ್ರಾಂ. ಒಂದು ಘನಮೀಟರ್ ಗಾಳಿಯ ತೂಕ ಸುಮಾರು ೧.೨ ಕಿಲೋಗ್ರಾಂ ಆದುದರಿಂದ ಇದು ಸೆಕೆಂಡಿಗೆ ೨೫ ಲೀಟರ್ ಆಗುತ್ತದೆ. ಎಂದರೆ ಪ್ರತಿ ಸೆಕೆಂಡಿಗೂ ಎರಡು ದೊಡ್ಡ ಕೊಡಗಳಷ್ಟು ಗಾಳಿ ಕವಚದ ಮೂಲಕ ಹಾಯಬೇಕು. ೧೦೦ ವ್ಯಾಟಿನ ಸಾಧಾರಣ ಕಚೇರಿಯ ಯಂತ್ರಕ್ಕೆ ೮ ಲೀಟರಿಗಿಂತ ತುಸು ಹೆಚ್ಚು ಸಾಕು. ಏರಿಕೆಯನ್ನು ೫ ಡಿಗ್ರಿಗೆ ಮಿತಿಗೊಳಿಸಬೇಕೆಂದರೆ ಗಾಳಿ ಎರಡರಷ್ಟು ಬೇಕು.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಬಿಸಿ ಗಾಳಿ ತಾನಾಗಿ ಮೇಲೇರುವುದರಿಂದ ಕವಚದ ಮೇಲ್ಭಾಗದಲ್ಲಿ ತೂತುಗಳಿದ್ದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಗಾಳಿ ಮೇಲೇರುವುದು ನಿಜ. ಆದರೆ ೪೫ ಸೆಂಟಿಮೀಟರ್ ಎತ್ತರದ ಕವಚದಲ್ಲಿ ೧೦ ಡಿಗ್ರಿ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಹೆಚ್ಚೆಂದರೆ ಪಾಸ್ಕಲಿನ ಐದನೆಯ ಒಂದು ಭಾಗ. ಸಾಧಾರಣವಾದ ೧೨೦ ಮಿಲಿಮೀಟರ್ ಫ್ಯಾನು ಹತ್ತರಿಂದ ಇಪ್ಪತ್ತು ಪಾಸ್ಕಲ್‌ವರೆಗಿನ ಒತ್ತಡವನ್ನು ಉಂಟುಮಾಡಬಲ್ಲದು. ಆದ್ದರಿಂದ ಕವಚದಲ್ಲಿ ಗಾಳಿಯನ್ನು ನಡೆಸುವುದು ಫ್ಯಾನು. ಅಡುಗೆಮನೆಯ ಹೊಗೆಗೂಡಿನ ನ್ಯಾಯ ಇಲ್ಲಿ ಅಷ್ಟಾಗಿ ಸಲ್ಲದು.

ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರು ಸೀಮೆಯಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಗಾಳಿ ಎಷ್ಟೇ ಬೀಸಿದರೂ ಕವಚದೊಳಗಿನ ಭಾಗಗಳು ಕೊಠಡಿಯ ತಾಪಕ್ಕಿಂತ ತಣ್ಣಗಾಗಲಾರವು. ಅನೇಕ ಪ್ರೊಸೆಸರುಗಳು ೧೦೦ ಡಿಗ್ರಿಯ ಆಸುಪಾಸಿನಲ್ಲಿ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿ ವೇಗವನ್ನು ಇಳಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಚುರುಕಾಗಿದ್ದ ಯಂತ್ರ ಏಪ್ರಿಲ್ ತಿಂಗಳಲ್ಲಿ ಮಂದವಾಗುವುದಕ್ಕೆ ಇದೂ ಒಂದು ಕಾರಣ. ಯಂತ್ರ ಹಳತಾಯಿತೆಂದು ಅದನ್ನು ಮೂಲೆಗೆ ತಳ್ಳುವ ಮುನ್ನ ಕವಚವನ್ನೊಮ್ಮೆ ಪರೀಕ್ಷಿಸುವುದು ವಿವೇಕ.

೩. ಕೊರೆಯುವ ಮುನ್ನ ಒಂದು ಪರೀಕ್ಷೆ

ರೋಗನಿದಾನವಿಲ್ಲದೆ ಚಿಕಿತ್ಸೆ ಸಲ್ಲದು. ಯಂತ್ರಕ್ಕೆ ಭಾರವಾದ ಕೆಲಸವನ್ನು ಅರ್ಧ ಗಂಟೆ ಕೊಟ್ಟು, ಉಚಿತವಾಗಿ ದೊರೆಯುವ ತಂತ್ರಾಂಶದಿಂದ ಪ್ರೊಸೆಸರಿನ ತಾಪವನ್ನು ಓದಿ ಬರೆದಿಟ್ಟುಕೊಳ್ಳಬೇಕು. ಅದೇ ಹೊತ್ತಿಗೆ ಕೊಠಡಿಯ ತಾಪವನ್ನೂ ಉಷ್ಣಮಾಪಕದಿಂದ ಅಳೆಯಬೇಕು. ನಮಗೆ ಬೇಕಾದುದು ಇವೆರಡರ ಅಂತರ. ಬೆಳಗಿನ ಅಳತೆಯನ್ನು ಮಧ್ಯಾಹ್ನದ ಅಳತೆಯೊಡನೆ ಹೋಲಿಸಲು ಈ ಅಂತರವೊಂದೇ ನಂಬಲರ್ಹವಾದ ಸಂಖ್ಯೆ.

ಅನಂತರ ಕವಚದ ಪಕ್ಕದ ತಗಡನ್ನು ತೆಗೆದಿಟ್ಟು ಅದೇ ಪ್ರಯೋಗವನ್ನು ಪುನಃ ಮಾಡಬೇಕು. ಉದಾಹರಣೆಗೆ, ಮುಚ್ಚಿದಾಗ ಅಂತರ ೫೦ ಡಿಗ್ರಿಯಿದ್ದು ತೆರೆದಾಗ ೩೮ಕ್ಕೆ ಇಳಿದರೆ, ಕವಚಕ್ಕೆ ಉಸಿರು ಕಟ್ಟಿದೆ ಎಂದರ್ಥ. ಅದನ್ನು ಕೊರೆಯುವುದರಿಂದ ಪ್ರಯೋಜನವುಂಟು. ತೆರೆದಾಗಲೂ ಅಂತರ ಹೆಚ್ಚು ಬದಲಾಗದಿದ್ದರೆ ದೋಷ ಬೇರೆಡೆ ಇದೆ: ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ಒಣಗಿರಬಹುದು, ಅಥವಾ ಅದರ ಲೋಹದ ರೆಕ್ಕೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿರಬಹುದು. ಇಂಥ ಯಂತ್ರದ ಕವಚವನ್ನು ಕೊರೆಯುವುದು ವ್ಯರ್ಥಶ್ರಮ. ಎಷ್ಟೋ ಯಂತ್ರಗಳಿಗೆ ಮೃದುವಾದ ಕುಂಚವೇ ಸಾಕಾದ ಔಷಧಿ.

೪. ಅಳತೆ ಮತ್ತು ಕೊರೆತ

ಕವಚದ ಮುಂಭಾಗದ ತಗಡಿನಲ್ಲಿ ಸಣ್ಣ ಸಣ್ಣ ತೂತುಗಳ ಜಾಲರಿಯನ್ನು ಒತ್ತಿರುವುದು ಸಾಮಾನ್ಯ. ಅದು ಗಾಳಿಗೆ ತೆರೆದಂತೆ ಕಾಣುತ್ತದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ೩ ಮಿಲಿಮೀಟರ್ ವ್ಯಾಸದ ತೂತುಗಳನ್ನು ೫ ಮಿಲಿಮೀಟರ್ ಅಂತರದಲ್ಲಿ ಜೇನುಗೂಡಿನಂತೆ ಜೋಡಿಸಿದರೂ ತೆರೆದಿರುವ ಜಾಗ ಮೂರನೆಯ ಒಂದು ಭಾಗ ಮಾತ್ರ. ಅದೇ ಪ್ರಮಾಣದ ಗಾಳಿ ಹಾಯಬೇಕಾದರೆ ತೂತಿನಲ್ಲಿ ಅದರ ವೇಗ ಮೂರು ಪಟ್ಟಾಗಬೇಕು. ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಸುಮಾರು ಒಂಬತ್ತು ಪಟ್ಟಾಗುತ್ತದೆ. ಬಡಪಾಯಿ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಗಾಳಿ ಎಳೆಯದು. ಈ ಜಾಲರಿಯನ್ನು ಕತ್ತರಿಸಿ ತೆಗೆದು, ಆ ಸ್ಥಳದಲ್ಲಿ ೧೨೦ ಮಿಲಿಮೀಟರ್ ಫ್ಯಾನನ್ನು ಕೂಡಿಸುವುದೇ ಪ್ರಕೃತ ಪರಿಷ್ಕಾರ.

ಮೊದಲು ಯಂತ್ರದ ಸಂಪರ್ಕವನ್ನು ಗೋಡೆಯಿಂದಲೇ ತಪ್ಪಿಸಿ, ಕವಚದೊಳಗಿನ ಸಮಸ್ತ ಭಾಗಗಳನ್ನೂ ಹೊರತೆಗೆದು ಬೇರೆ ಕೊಠಡಿಯಲ್ಲಿ ಇಡಬೇಕು. ಮದರ್‌ಬೋರ್ಡನ್ನು ಮುಟ್ಟುವ ಮುನ್ನ ಬರಿಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಫಲಕಗಳನ್ನು ಒಳಗಿಟ್ಟುಕೊಂಡೇ ಕೊರೆಯುವ ಸಾಹಸ ಎಂದಿಗೂ ಬೇಡ. ಕೂದಲೆಳೆಯಷ್ಟು ಉಕ್ಕಿನ ಚೂರು ಎರಡು ತಂತುಗಳ ನಡುವೆ ಬಿದ್ದರೂ ಫಲಕ ಸುಟ್ಟುಹೋಗುವುದು ಖಚಿತ.

ಇನ್ನು ಅಳತೆ. ೧೨೦ ಮಿಲಿಮೀಟರ್ ಫ್ಯಾನಿನ ನಾಲ್ಕು ತಿರುಪುಗಳು ೧೦೫ ಮಿಲಿಮೀಟರ್ ಬಾಹುವುಳ್ಳ ಚೌಕದ ಮೂಲೆಗಳಲ್ಲಿರುತ್ತವೆ. ಪೈಥಾಗೊರಸನ ಪ್ರಮೇಯದಂತೆ ಆ ಚೌಕದ ಕರ್ಣ ಸುಮಾರು ೧೪೮.೫ ಮಿಲಿಮೀಟರ್, ಆದುದರಿಂದ ಮಧ್ಯಬಿಂದುವಿನಿಂದ ಪ್ರತಿಯೊಂದು ತಿರುಪಿನ ದೂರ ೭೪ ಮಿಲಿಮೀಟರಿಗಿಂತ ತುಸು ಹೆಚ್ಚು. ದಪ್ಪ ರಟ್ಟಿನ ಮೇಲೆ ಈ ಚೌಕವನ್ನೂ, ಮಧ್ಯದಲ್ಲಿ ೧೧೪ ಮಿಲಿಮೀಟರ್ ವ್ಯಾಸದ ವೃತ್ತವನ್ನೂ ಬರೆದು ಕತ್ತರಿಸಿ, ಫ್ಯಾನನ್ನು ಅದರ ಮೇಲಿಟ್ಟು ತಾಳೆ ನೋಡಬೇಕು. ರಟ್ಟಿನಲ್ಲಿ ತಪ್ಪಿದರೆ ಒಂದು ರಟ್ಟು ಹೋದೀತು. ತಗಡಿನಲ್ಲಿ ತಪ್ಪಿದರೆ ತಿದ್ದುಪಡಿಯಿಲ್ಲ.

ಕೊರೆಯುವ ಜಾಗದ ಮೇಲೆ ಕಾಗದದ ಅಂಟುಪಟ್ಟಿಯನ್ನು ಹಚ್ಚಿ, ಅದರ ಮೇಲೆ ಗುರುತು ಮಾಡಿದರೆ ಬಣ್ಣ ಗೀಚುವುದಿಲ್ಲ, ಬೈರಿಗೆ ಜಾರುವುದೂ ಇಲ್ಲ. ಪಂಚಿನಿಂದ ಬಿಂದುಗಳನ್ನು ಕುಟ್ಟಿ, ತಗಡಿನ ಹಿಂದೆ ಮರದ ಹಲಗೆಯನ್ನು ಆನಿಸಿ, ನಿಧಾನವಾದ ವೇಗದಲ್ಲಿ ಕೊರೆಯಬೇಕು. ಕವಚದ ಉಕ್ಕಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರುವುದಿಲ್ಲ. ಆಧಾರವಿಲ್ಲದಿದ್ದರೆ ನಡುಗಿ ಬಾಗುತ್ತದೆ. ವೃತ್ತವನ್ನು ಕತ್ತರಿಸಲು ಸಣ್ಣ ಹಲ್ಲಿನ ಗರಗಸದ ಯಂತ್ರ ಸಾಕು. ಕಣ್ಣಿಗೆ ರಕ್ಷಾಕನ್ನಡಕ ಕಡ್ಡಾಯ. ಕತ್ತರಿಸಿದ ಅಂಚು ಕೂರಲಗಿನಂತಿರುವುದರಿಂದ ಅರದಿಂದ ಉಜ್ಜಿ ನುಣುಪುಗೊಳಿಸಿ, ರಬ್ಬರಿನ ಅಂಚುಪಟ್ಟಿಯನ್ನು ಕೂಡಿಸಬೇಕು. ಕೊನೆಯಲ್ಲಿ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಮೂಲೆಯಲ್ಲೂ ಆಡಿಸಿದರೆ ಉಳಿದ ಚೂರುಗಳು ಅಂಟಿಕೊಂಡು ಬರುತ್ತವೆ. ಅಲ್ಯುಮಿನಿಯಂ ಕವಚಕ್ಕೆ ಅಯಸ್ಕಾಂತ ಕೆಲಸ ಮಾಡದು. ಅದನ್ನು ನೀರಿನಿಂದ ತೊಳೆದು ಪೂರ್ಣವಾಗಿ ಒಣಗಿಸಬೇಕು.

ಫ್ಯಾನನ್ನು ಕೂಡಿಸುವಾಗ ದಿಕ್ಕನ್ನು ಮರೆಯಬಾರದು. ಅಡ್ಡಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬೀಳುವುದು ಸಾಮಾನ್ಯ ನಿಯಮ. ಮುಂದಿನಿಂದ ತಂಪುಗಾಳಿ ಒಳಬಂದು, ಹಿಂದಿನಿಂದ ಬಿಸಿಗಾಳಿ ಹೊರಹೋಗಬೇಕು. ಒಳತರುವ ಗಾಳಿಯ ಪ್ರಮಾಣವನ್ನು ಹೊರಹಾಕುವುದಕ್ಕಿಂತ ತುಸು ಹೆಚ್ಚಾಗಿರಿಸಿ, ಒಳಬರುವ ದಾರಿಗೆ ನೈಲಾನ್ ಬಲೆಯ ಶೋಧಕವನ್ನು ಹಾಕಿದರೆ, ಕವಚದ ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ಸೂಸುತ್ತದೆ. ಧೂಳು ಅಲ್ಲಿಂದ ಒಳನುಗ್ಗುವುದಿಲ್ಲ. ಆದರೆ ಶೋಧಕವನ್ನು ಹದಿನೈದು ದಿನಗಳಿಗೊಮ್ಮೆ ತೊಳೆಯುವ ನಿಯಮ ಬೇಕು. ತೊಳೆಯದ ಶೋಧಕ ಮುಚ್ಚಿದ ಬಾಗಿಲಿಗೆ ಸಮಾನ.

ಸದ್ದಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು ೧೫ ಡೆಸಿಬೆಲ್ ತಗ್ಗುತ್ತದೆ. ಸಮಾನವಾದ ಎರಡು ಫ್ಯಾನುಗಳು ಕೂಡಿದಾಗ ಹೆಚ್ಚುವುದು ೩ ಡೆಸಿಬೆಲ್ ಮಾತ್ರ. ಆದ್ದರಿಂದ ಓಡುವ ಒಂದಕ್ಕಿಂತ ನಡೆಯುವ ಎರಡು ಲೇಸು. ಹತ್ತಾರು ಯಂತ್ರಗಳು ಒಟ್ಟಿಗೆ ನಡೆಯುವ ತರಗತಿಯಲ್ಲಿ ಉಪಾಧ್ಯಾಯರ ದನಿ ಹಿಂದಿನ ಸಾಲಿಗೆ ಕೇಳಿಸುವುದು ಬಿಡುವುದು ಈ ಲೆಕ್ಕವನ್ನು ಅವಲಂಬಿಸಿದೆ.

೫. ಬಣ್ಣ ಮತ್ತು ಕಿಟಕಿ

ಕವಚದ ಉಕ್ಕಿನ ಮೇಲೆ ತುಕ್ಕು ಹಿಡಿಯದಂತೆ ಸತುವಿನ ತೆಳುಲೇಪವಿರುತ್ತದೆ. ಕತ್ತರಿಸಿದ ಅಂಚಿನಲ್ಲಿ ಅದು ಉಳಿಯುವುದಿಲ್ಲವಾದ್ದರಿಂದ ಅಲ್ಲಿಗೆ ತಳಬಣ್ಣ ಅವಶ್ಯ. ಇಡೀ ಕವಚಕ್ಕೆ ಬಣ್ಣ ಹಾಕುವುದಾದರೆ ಹಳೆಯ ಮೇಲ್ಮೈಯನ್ನು ಮರಳುಕಾಗದದಿಂದ ತುಸು ಒರಟುಗೊಳಿಸಿ, ಬಯಲಿನಲ್ಲಿ ಮೂಗು ಬಾಯಿ ಮುಚ್ಚಿಕೊಂಡು, ತೆಳುವಾದ ಲೇಪಗಳನ್ನು ಒಂದರ ಮೇಲೊಂದು ಕೊಡಬೇಕು. ಒಮ್ಮೆಗೇ ದಪ್ಪವಾಗಿ ಬಳಿದ ಬಣ್ಣ ಇಳಿದು ಗೆರೆಗಟ್ಟುತ್ತದೆ.

ಬಣ್ಣ ಹಾಕಬಾರದ ಜಾಗಗಳೂ ಇವೆ. ಮದರ್‌ಬೋರ್ಡನ್ನು ಹೊರುವ ಹಿತ್ತಾಳೆಯ ಕಂಬಗಳು ಮತ್ತು ಅವು ಕೂರುವ ಜಾಗ, ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಬಿಗಿಯುವ ಜಾಗ — ಇಲ್ಲೆಲ್ಲ ಲೋಹಕ್ಕೆ ಲೋಹ ತಾಗಬೇಕು. ಭೂಸಂಪರ್ಕ ಕವಚಕ್ಕೆ ದೊರೆಯುವುದು ಆ ಸ್ಪರ್ಶದಿಂದ. ಬಣ್ಣದ ಪೊರೆ ನಡುವೆ ಬಂದರೆ, ದೋಷ ಸಂಭವಿಸಿದಾಗ ವಿದ್ಯುತ್ತು ನೆಲಕ್ಕೆ ಹರಿಯುವ ಬದಲು ಮುಟ್ಟಿದವರ ಕೈಗೆ ಹರಿದೀತು.

ಲೋಹದ ಕವಚಕ್ಕೆ ಮತ್ತೊಂದು ಗುಣವಿದೆ: ಒಳಗಿನ ರೇಡಿಯೋ ತರಂಗಗಳು ಹೊರಹರಡದಂತೆ ಅದು ತಡೆಯುತ್ತದೆ. ಒಂದು ಗಿಗಾಹರ್ಟ್ಸ್ ತರಂಗದ ಉದ್ದ ೩೦ ಸೆಂಟಿಮೀಟರ್. ಅದಕ್ಕೆ ಹೋಲಿಸಿದರೆ ಅತಿ ಚಿಕ್ಕದಾದ ತೂತುಗಳ ಬಲೆ ಗಾಳಿಯನ್ನು ಬಿಟ್ಟು ತರಂಗವನ್ನು ಬಹುಮಟ್ಟಿಗೆ ತಡೆಯುತ್ತದೆ. ದೊಡ್ಡ ಕಿಟಕಿ ಕತ್ತರಿಸಿ ಅಕ್ರಿಲಿಕ್ ಹಲಗೆ ಕೂಡಿಸಿದಾಗ ಈ ರಕ್ಷಣೆ ಕುಗ್ಗುತ್ತದೆಂಬುದನ್ನು ತಿಳಿದೇ ಆ ಕೆಲಸಕ್ಕೆ ಕೈ ಹಾಕಬೇಕು. ಫ್ಯಾನಿನ ರಂಧ್ರಕ್ಕೆ ಲೋಹದ ತಂತಿಬಲೆಯನ್ನು ಹಾಕುವುದರಿಂದ ಬೆರಳಿಗೂ ರಕ್ಷಣೆ, ತರಂಗಕ್ಕೂ ತಡೆ. ಕಿಟಕಿಗೆ ೩ ಮಿಲಿಮೀಟರ್ ಅಕ್ರಿಲಿಕ್ ಅನುಕೂಲ. ಇತ್ತೀಚಿನ ಕವಚಗಳೊಡನೆ ಬರುವ ಹದಗೊಳಿಸಿದ ಗಾಜನ್ನು ಮನೆಯಲ್ಲಿ ಕೊರೆಯಲು ಹೋದರೆ ಅದು ಒಮ್ಮೆಗೇ ನುಚ್ಚುನೂರಾಗುತ್ತದೆ.

೬. ದಾಟಬಾರದ ಗಡಿ

ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು — ಅಂಗಡಿಯವರ ಮಾತಿನಲ್ಲಿ ಎಸ್.ಎಂ.ಪಿ.ಎಸ್. — ಯಾವ ಕಾರಣಕ್ಕೂ ಬಿಚ್ಚಬಾರದು. ನಮ್ಮ ಮನೆಗಳ ೨೩೦ ವೋಲ್ಟ್ ವಿದ್ಯುತ್ತಿನ ಶಿಖರಮೌಲ್ಯ ಸುಮಾರು ೩೨೫ ವೋಲ್ಟ್. ಅದರೊಳಗಿನ ಕೆಪಾಸಿಟರುಗಳು ಆ ಪ್ರಮಾಣದ ವಿದ್ಯುದಾವೇಶವನ್ನು ಹಿಡಿದಿಟ್ಟಿರುತ್ತವೆ. ಪ್ಲಗ್ಗನ್ನು ತೆಗೆದ ಮೇಲೂ ಅದು ಕೆಲಕಾಲ ಉಳಿದಿರಬಹುದು. ಕವಚವನ್ನು ಕೊರೆಯುವುದು ಹವ್ಯಾಸ. ಈ ಪೆಟ್ಟಿಗೆಯನ್ನು ಬಿಚ್ಚುವುದು ಪ್ರಾಣದೊಡನೆ ಜೂಜು. ಕೊರೆದ ಕವಚಕ್ಕೆ ತಯಾರಕರ ಖಾತರಿ ಸಲ್ಲದಿರಬಹುದೆಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು.

೭. ಶಾಲೆಗಳಿಗೂ ದಾನಿಗಳಿಗೂ ಒಂದು ಸೂಚನೆ

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಾವು ಬಳಸಿದ ಗಣಕಯಂತ್ರಗಳನ್ನು ಶಾಲೆಗಳಿಗೆ ಕೊಡುವುದು ಸ್ತುತ್ಯವಾದ ಕಾರ್ಯ. ಕೊಡುವಾಗ ಒಂದು ಅಂಶವನ್ನು ನೋಡಬೇಕೆಂದು ಕೋರಿಕೆ. ಎಟಿಎಕ್ಸ್ ನಿಯಮಕ್ಕೆ ಒಳಪಟ್ಟ ಕವಚವಾದರೆ, ಒಳಗಿನ ಫಲಕ ಕೆಟ್ಟರೂ ಕವಚ ವ್ಯರ್ಥವಾಗದು. ೨೦೦೦ನೆಯ ಇಸವಿಯ ಕವಚದಲ್ಲಿ ಇಂದಿನ ಮೈಕ್ರೊ ಎಟಿಎಕ್ಸ್ ಫಲಕವನ್ನು ಬಿಗಿಯಬಹುದು. ಗಾಳಿಯ ದಾರಿಯನ್ನು ಮೇಲೆ ಹೇಳಿದಂತೆ ಪರಿಷ್ಕರಿಸಿದರೆ ಅದು ಹೊಸತರಂತೆ ದುಡಿಯುತ್ತದೆ. ಕೆಲವು ತಯಾರಕರ ಕಚೇರಿ ಯಂತ್ರಗಳಲ್ಲಾದರೋ ಫಲಕ, ತಿರುಪಿನ ಸ್ಥಾನ, ವಿದ್ಯುತ್ತಿನ ಜೋಡಣೆ ಎಲ್ಲವೂ ಅವರದೇ ಅಳತೆಯವು. ಅಂಥವುಗಳಲ್ಲಿ ಒಂದು ಭಾಗ ಹೋದರೆ ಇಡೀ ಯಂತ್ರ ಮೂಲೆ ಸೇರುವ ಸಂಭವವಿದೆ. ಹೊಸ ಯಂತ್ರಗಳಿಗೆ ಹಣ ಕೊಡುವವರೂ ‘ಎಟಿಎಕ್ಸ್ ಅಳತೆಯದೇ?’ ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ, ಅವರ ದಾನದ ಆಯುಸ್ಸು ಹೆಚ್ಚುತ್ತದೆ.

ಉಪಾಧ್ಯಾಯರಿಗೆ ಈ ಕವಚ ಒಂದು ಸಿದ್ಧ ಪ್ರಯೋಗಶಾಲೆ. ಕರ್ಣದ ಲೆಕ್ಕದಲ್ಲಿ ರೇಖಾಗಣಿತ, ಗಾಳಿಯ ಲೆಕ್ಕದಲ್ಲಿ ಉಷ್ಣಶಾಸ್ತ್ರ, ಭೂಸಂಪರ್ಕದಲ್ಲಿ ವಿದ್ಯುಚ್ಛಾಸ್ತ್ರ, ಸತುವಿನ ಲೇಪದಲ್ಲಿ ರಸಾಯನಶಾಸ್ತ್ರ — ನಾಲ್ಕು ಪಾಠಗಳು ಒಂದೇ ತಗಡಿನ ಮೇಲೆ ಕೂಡಿವೆ. ಕೊರೆಯುವ ಕೆಲಸ ಹಿರಿಯರ ಕೈಯಲ್ಲಿರಲಿ. ಅಳೆಯುವುದು, ರಟ್ಟಿನ ಮಾದರಿ ಮಾಡುವುದು, ತಾಪದ ಅಂತರವನ್ನು ಮೊದಲು ಮತ್ತು ಅನಂತರ ಬರೆದಿಟ್ಟು ಹೋಲಿಸುವುದು ಮಕ್ಕಳ ಪಾಲಿಗಿರಲಿ. ಯಂತ್ರವೆಂದರೆ ಮುಚ್ಚಿದ ಪೆಟ್ಟಿಗೆ, ಅದರ ಗುಟ್ಟು ದೂರದ ಯಾರಿಗೋ ಮಾತ್ರ ತಿಳಿದದ್ದು ಎಂಬ ಅಂಜಿಕೆ ನಮ್ಮ ಮಕ್ಕಳಲ್ಲಿ ಬೇರೂರಬಾರದು. ನಾಲ್ಕು ತಿರುಪುಗಳನ್ನು ಬಿಚ್ಚಿ ಒಳಗೆ ನೋಡಿ, ಅಳೆದು, ತಿದ್ದಿ, ಮತ್ತೆ ಅದೇ ನಾಲ್ಕು ತಿರುಪುಗಳನ್ನು ಬಿಗಿದು ನಡೆಸಿದ ವಿದ್ಯಾರ್ಥಿಗೆ ಆ ಅಂಜಿಕೆ ಮುಂದೆಂದೂ ಬಾಧಿಸದು.